ಚಿತ್ರ ಮುಟ್ಟದೆ ಬಣ್ಣ ಬದಲಿಸುವ ಯಂತ್ರ: ಕಮಾಂಡರ್ ಎಕ್ಸ್16 ಜೊತೆ ಒಂದೂವರೆ ವರ್ಷ

ಕಮಾಂಡರ್ ಎಕ್ಸ್16 ಹಳೆಯ 8-ಬಿಟ್ ಯಂತ್ರಗಳ ಧಾಟಿಯಲ್ಲಿ ಹೊಸದಾಗಿ ಮಾಡಿದ ಪುಟ್ಟ ಕಂಪ್ಯೂಟರ್. ಆನ್ ಮಾಡಿದೊಡನೆ ನೀಲಿ ಪರದೆ, ಬಿಳಿ ಅಕ್ಷರ. 1982ರ ಕಮಾಡೋರ್ 64 ಕಂಪ್ಯೂಟರ್ ಬಳಸಿದವರಿಗೆ ಇದರ ಬೇಸಿಕ್ ಭಾಷೆ ಕೂಡ ಹಳೆಯ ನಂಟೇ. ಆದರೆ ಆ ಯಂತ್ರದ 16 ಬಣ್ಣಗಳು ಚಿಪ್‌ನಲ್ಲೇ ಅಚ್ಚಾದವು, ಬದಲಿಸುವಂತಿರಲಿಲ್ಲ. ಎಕ್ಸ್16ರಲ್ಲಿ 4096 ಛಾಯೆಗಳಿಂದ ಬೇಕಾದ 256ನ್ನು ನಾವೇ ಆರಿಸಿಕೊಳ್ಳಬಹುದು. ಒಂದೂವರೆ ವರ್ಷದ ನಂತರವೂ ಇದು ನನ್ನ ಮೇಜಿನ ಮೇಲಿರುವುದಕ್ಕೆ ಆ ಒಂದು ಗುಣವೇ ಕಾರಣ. ಧ್ವನಿಯ ಬಗ್ಗೆ ದೂರಿಲ್ಲ, ಹೇಳುವುದೂ ಹೆಚ್ಚಿಲ್ಲ.

ಚಿತ್ರದ ಹೊಣೆ ಹೊತ್ತಿರುವುದು ವೇರಾ ಎಂಬ ವಿಡಿಯೊ ಘಟಕ. ಅದರ 128 ಕಿಲೊಬೈಟ್ ಮೆಮೊರಿಯ ದ್ವಿತೀಯಾರ್ಧದಲ್ಲಿ, 64000ನೇ ವಿಳಾಸದಿಂದ ಪ್ಯಾಲೆಟ್, ಅಂದರೆ ಬಣ್ಣಗಳ ಪಟ್ಟಿ, ಶುರುವಾಗುತ್ತದೆ. ಚಿತ್ರದ ಪ್ರತಿ ಚುಕ್ಕಿಯಲ್ಲಿರುವುದು ಈ ಪಟ್ಟಿಯ ಒಂದು ಸಂಖ್ಯೆ ಮಾತ್ರ. ಒಂದು ಬಣ್ಣಕ್ಕೆ ಎರಡು ಬೈಟ್. ಹಿನ್ನೆಲೆಯ ನೀಲಿ 6ನೇ ಬಣ್ಣವಾದ್ದರಿಂದ ಅದರ ಮೊದಲ ಬೈಟ್ 64012ರಲ್ಲಿದೆ. ‘ವಿಪೋಕ್ 1,64012,64’ ಎಂಬ ಬೇಸಿಕ್ ಆದೇಶ ಕೊಟ್ಟರೆ ಸಾಕು (1 ಎಂದರೆ ಆ ದ್ವಿತೀಯಾರ್ಧ, ಕೊನೆಯ 64 ಅಲ್ಲಿ ಬರೆಯುವ ಮೌಲ್ಯ), ಇಡೀ ಹಿನ್ನೆಲೆ ಕಡುಹಸಿರಾಗುತ್ತದೆ, ಒಂದಕ್ಷರವೂ ಅಲುಗುವುದಿಲ್ಲ. ಮೊದಲ ದಿನ ನಾನು ಕೆಂಪು ಬರಲೆಂದು ಅಲ್ಲಿಗೆ 15 ಹಾಕಿದ್ದೆ. ನೀಲಿಯೇ ಇನ್ನಷ್ಟು ಹೊಳೆಯಿತು! ಆ ಬೈಟ್‌ನ ಮೇಲಿನ ನಾಲ್ಕು ಬಿಟ್ ಹಸಿರಿಗೆ, ಕೆಳಗಿನ ನಾಲ್ಕು ನೀಲಿಗೆ; ಕೆಂಪು ಎರಡನೇ ಬೈಟ್‌ನಲ್ಲಿ ಒಂಟಿಯಾಗಿ ಕೂತಿರುತ್ತದೆ. ಕೈಪಿಡಿ ಓದದೆ ಕೈ ಹಾಕಿದ ಫಲ.

ಪ್ರೊಸೆಸರ್ ಭಾಷೆಗೆ ತೀರಾ ಹತ್ತಿರದ ಅಸೆಂಬ್ಲಿಗೆ ಇಳಿದ ಮೇಲೆ ಸ್ವಾರಸ್ಯ ಹೆಚ್ಚು. ಅಲ್ಲಿ ವೇರಾದೊಡನೆ ವ್ಯವಹಾರವೆಲ್ಲ ರೆಜಿಸ್ಟರ್ ಎಂಬ ಪುಟ್ಟ ಕಿಂಡಿಗಳ ಮೂಲಕ. 40736ರಿಂದ ಮೂರು ರೆಜಿಸ್ಟರ್‌ಗಳಲ್ಲಿ ವಿಳಾಸ ತುಂಬಿ, 40739ಕ್ಕೆ ಬೈಟ್‌ಗಳನ್ನು ಸುರಿಯುತ್ತಾ ಹೋಗುವುದು. ಮೂರನೆಯದರಲ್ಲಿ 17 ಇದ್ದರೆ ವಿಳಾಸ ತಾನಾಗಿ ಮುಂದೆ ಸರಿಯುತ್ತದೆ. ನನ್ನ ಜಲಪಾತದ ಚಿತ್ರ 320×240 ಪಿಕ್ಸೆಲ್‌ನದು, ಅಂದರೆ 76,800 ಬೈಟ್. 8 ಮೆಗಾಹರ್ಟ್ಸ್‌ನ ಪ್ರೊಸೆಸರ್ ಅಷ್ಟನ್ನೂ ಸೆಕೆಂಡಿಗೆ 60 ಬಾರಿ ಬಿಡಿಸಲಾರದು. ಹಾಗಾಗಿ ನೀರಿಗೆಂದೇ ಎಂಟು ನೀಲಿಗಳನ್ನು ಮೀಸಲಿಟ್ಟು, ನಾಲ್ಕು ಫ್ರೇಮ್‌ಗೊಮ್ಮೆ ಅವುಗಳನ್ನು ಒಂದೊಂದು ಸ್ಥಾನ ಸರಿಸುತ್ತೇನೆ. ಬರೆಯುವುದು ಬರೀ 16 ಬೈಟ್, ನೀರು ಮಾತ್ರ ಧೋ ಎಂದು ಧುಮುಕುತ್ತದೆ.

ಇದೇ ಜಲಪಾತ ನನ್ನ ಒಂದು ವಾರವನ್ನು ನುಂಗಿತು. ಮೂಲೆಯಲ್ಲಿ ಮೂಡಬೇಕಾದ ಅಂಕೆಗಳು ಆಗಾಗ ಮಾಯವಾಗಿ, ಬಂಡೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಬಣ್ಣ ಸರಿಸುವ ಕೆಲಸ ನಡೆಯುವುದು ಇಂಟರಪ್ಟ್‌ನಲ್ಲಿ, ಅಂದರೆ ಮುಖ್ಯ ಪ್ರೋಗ್ರಾಂ ಅನ್ನು ನಡುವೆ ತಡೆದು ಓಡುವ ತುಣುಕಿನಲ್ಲಿ. ಅದರೊಳಗೆ ವಿಳಾಸ ಬದಲಿಸಿ ಹಾಗೆಯೇ ಬಿಟ್ಟು ಬರುತ್ತಿದ್ದೆ. ಮರಳಿದ ಮುಖ್ಯ ಪ್ರೋಗ್ರಾಂ ತನ್ನ ಅಂಕೆಗಳನ್ನು ಪಾಪ, ಪ್ಯಾಲೆಟ್‌ನ ಮೇಲೆಯೇ ಬರೆಯುತ್ತಿತ್ತು. ಆ ಮೂರು ರೆಜಿಸ್ಟರ್‌ಗಳ ಜೊತೆ ನಿಯಂತ್ರಣ ರೆಜಿಸ್ಟರ್ ಆದ 40741ನ್ನೂ ಮೊದಲೇ ಎತ್ತಿಟ್ಟು, ಹೊರಡುವಾಗ ಇದ್ದಂತೆಯೇ ಇಟ್ಟು ಬರಬೇಕು.

ಪ್ಯಾಲೆಟ್ ಅನ್ನು ಬರೆಯಬಹುದೇ ಹೊರತು ನೇರವಾಗಿ ಓದಲಾಗದು. ಓದಿದಾಗ ಕೈಗೆ ಸಿಗುವುದು ಅದರಡಿಯ ವಿಡಿಯೊ ಮೆಮೊರಿ ಮಾತ್ರ. 512 ಬೈಟ್‌ಗಳ ಒಂದು ನಕಲನ್ನು ಹಾಗಾಗಿ ನಾನು ಮುಖ್ಯ ಮೆಮೊರಿಯಲ್ಲಿಟ್ಟುಕೊಂಡಿದ್ದೇನೆ.

ನಿಜವಾದ ಕೊರತೆಯೆಂದರೆ ಪ್ರತಿ ಮೂಲಬಣ್ಣಕ್ಕೆ 16 ಮೆಟ್ಟಿಲು ಮಾತ್ರ. ದೃಶ್ಯವನ್ನು ಕತ್ತಲಾಗಿಸಲು ಎಲ್ಲದರಿಂದ ಒಂದೊಂದೇ ಕಳೆಯುತ್ತಾ ಹೋದರೆ, ಕೆಂಪು 6 ಹಸಿರು 4 ಇದ್ದ ಕಂದು ಮರ ನಾಲ್ಕು ಹೆಜ್ಜೆಗೆ ರಕ್ತಗೆಂಪಾಗಿ ನಿಲ್ಲುತ್ತದೆ. ಈಗ ಕಳೆಯುವುದನ್ನು ಬಿಟ್ಟು, ಅನುಪಾತ ಕೆಡದಂತೆ ತಗ್ಗಿಸುವ ಕೋಷ್ಟಕ ಬಳಸುತ್ತೇನೆ. ಮರ ಸರಿಹೋಗಿದೆ. ಅದರ ಹಿಂದಿನ ಸಂಜೆಯ ಆಕಾಶದಲ್ಲಿ ಪಟ್ಟೆಗಳು ಇನ್ನೂ ಎದ್ದು ಕಾಣುತ್ತವೆ.