ತುಮಕೂರಿನಲ್ಲಿ ಹಸಿರು ತಾರಸಿ (ತಾರಸಿ ಮೇಲೆ ಮಣ್ಣು ಹರಡಿ ಗಿಡ ಬೆಳೆಸೋದು) ಮಾಡಿಸೋರು ಅಡ್ವಾನ್ಸ್ ಕೊಡೋ ಮೊದಲು ಇದನ್ನ ಓದಿ

"ಬಿದ್ದ ಮಳೇಲಿ ಮುಕ್ಕಾಲು ಪಾಲು ತಾರಸಿನೇ ಕುಡಿಯುತ್ತೆ ಸಾರ್, ಮೋರಿಗೆ ನೀರೇ ಹೋಗಲ್ಲ." ಕ್ಯಾತ್ಸಂದ್ರದ ನಮ್ಮ ಮನೆಗೆ ಕೆಲಸ ಒಪ್ಪಿಕೊಂಡವರು ಕೊಟೇಶನ್ ಜೊತೆ ಕೊಟ್ಟ ಮಾತು. ಮುಕ್ಕಾಲು ಪಾಲು! ಉತ್ತರೆ ಮಳೆ ಮೂರು ಸಂಜೆ ಹೊಯ್ದು, ನಾಲ್ಕನೇ ಸಂಜೆ ಬಿದ್ದಿದ್ದೆಲ್ಲ ನೇರ ಪೈಪಿಗೆ ಇಳೀತು. ಆಮೇಲೆ ಪೈಪಿನ ಬಾಯಿಗೂ ಮಣ್ಣು ಕಟ್ಟಿತು, ಪ್ಯಾರಾಪೆಟ್ ಒಳಗೆ ಕೆರೆ.

ಫೋನ್ ಮಾಡಿದರೆ "ಈ ಸಲ ಮಳೆ ಜಾಸ್ತಿ ಸಾರ್" ಅಂತಾರೆ. ಉತ್ತರೆ, ಹಸ್ತೆಯಲ್ಲಿ ಬರದೆ ನಮ್ಮೂರಿಗೆ ಮಳೆ ಇನ್ಯಾವಾಗ ಬರಬೇಕು?

ಲೆಕ್ಕ ನೋಡಿ. ತಾರಸಿ 90 ಚದರ ಮೀಟರ್, ಮಣ್ಣು 10 ಸೆಂ.ಮೀ. ಪೂರ್ತಿ ಒಣಗಿದ ಒಳ್ಳೆ ಮಿಶ್ರಣ ತನ್ನ ಗಾತ್ರದ ಶೇ 30ರಷ್ಟು ನೀರು ಹಿಡಿದರೂ 2,700 ಲೀಟರ್. 60 ಮಿ.ಮೀ. ಮಳೆ ಅಂದ್ರೆ 5,400 ಲೀಟರ್. ಅರ್ಧಕ್ಕೇ ಮುಗೀತು, ಅದೂ ಒಣಗಿದ್ದರೆ! ಹಿಡಿದ ನೀರನ್ನ ಗಿಡ ಮತ್ತು ಬಿಸಿಲು ಖಾಲಿ ಮಾಡಿದರೆ ತಾನೆ ಮತ್ತೆ ಜಾಗ? ಮೋಡ ಮುಚ್ಚಿದ ದಿನ ಆವಿಯಾಗೋದು ಹೆಚ್ಚೆಂದರೆ 2–3 ಮಿ.ಮೀ., ಅಂದ್ರೆ ಇಡೀ ತಾರಸಿಯಿಂದ 270 ಲೀಟರ್. ಮಾರನೇ ಸಂಜೆ ಮಳೆಗೆ ಅಷ್ಟೇ ಜಾಗ.

ಇದನ್ನ ಮುಂದಿಟ್ಟರೆ "ಮುಕ್ಕಾಲು ಪಾಲು ಅನ್ನೋದು ಜರ್ಮನಿ ಲೆಕ್ಕ ಸಾರ್" ಅಂದರು. ಮೋಸ ಗೊತ್ತಾಗಿದ್ದೇ ಆಗ. ಅದು ವರ್ಷದ ಸರಾಸರಿ. ಸಣ್ಣ ಮಳೆ ಪದೇ ಪದೇ ಜಿನುಗೋ ಕಡೆ ಪ್ರತಿ ಮಳೆಯೂ ಮಣ್ಣಲ್ಲೇ ನಿಲ್ಲುತ್ತೆ, ಶೇಕಡಾ ದೊಡ್ಡದಾಗಿ ಕಾಣುತ್ತೆ. ಒಂದೇ ಗಂಟೆಯಲ್ಲಿ ಸುರಿಯೋ ನಮ್ಮ ಗುಡುಗು ಮಳೆಗೆ ಆ ಅಂಕಿ ಹೇಳೋದು ಶುದ್ಧ ಸುಳ್ಳು.

ಮಣ್ಣಿನದ್ದು ಇನ್ನೊಂದು ದ್ರೋಹ. ಹಗುರ ಮಿಶ್ರಣ ಅಂತ ಬಿಲ್ ಹಾಕಿ ಹೊಲದ ಕೆಂಪು ಮಣ್ಣು ತುಂಬಿದ್ದಾರೆ. ಅದರ ನುಣ್ಣನೆ ಜೇಡಿ, ಮಣ್ಣು ತಡೆದು ನೀರು ಮಾತ್ರ ಬಿಡೋಕೆ ಕೆಳಗೆ ಹಾಸಿದ ಫಿಲ್ಟರ್ ಬಟ್ಟೆಯ ರಂಧ್ರ ಮುಚ್ಚಿತು, ನೀರು ನಿಂತಿದ್ದಕ್ಕೆ ಅದೂ ಕಾರಣ. ನೆಂದರೆ ಚದರ ಮೀಟರಿಗೆ 180–200 ಕೆ.ಜಿ. ಭಾರ ಬೇರೆ. ಜನ ಓಡಾಡೋ ತಾರಸಿಗೆ ಐಎಸ್ 875 (ಕಟ್ಟಡದ ಭಾರದ ಲೆಕ್ಕಕ್ಕಿರೋ ಭಾರತೀಯ ಮಾನದಂಡ) ಪ್ರಕಾರ ಲೆಕ್ಕಕ್ಕೆ ಹಿಡಿಯೋ ಭಾರವೇ ಸುಮಾರು 150 ಕೆ.ಜಿ. ಸುರಿಯೋವಾಗಲೇ ಒಂದು ಹಿಡಿ ಎತ್ತಿ ನೋಡಬೇಕಿತ್ತು, ನೋಡಲಿಲ್ಲ. ಹೇಳಿಕೊಳ್ಳೋಕೂ ನಾಚಿಕೆ.

ಏಪ್ರಿಲ್‌ನಲ್ಲೇ ಅರ್ಧ ಗಿಡ ಸುಟ್ಟು ಹೋಗಿದ್ವು. "ನೀವು ನೀರು ಹಾಕಿಲ್ಲ" ಅಂದರು. ಮಾರುವಾಗ ನೀರೇ ಬೇಡ ಅಂದವರೂ ಇವರೇ! ಗಿಡ ಸತ್ತರೆ ಮಣ್ಣಿನ ನೀರು ಎಳೆಯೋದು ಯಾವುದು? ಮುಂದಿನ ಮಳೆಗೆ ಜಾಗ ಇನ್ನೂ ಕಮ್ಮಿ.

ಮಾಡಿಸೋದಾದರೆ ವರ್ಷದ ಶೇಕಡಾ ಬೇಡ, ಒಂದು ಮಳೆಗೆ ಎಷ್ಟು ಲೀಟರ್ ಹಿಡಿಯುತ್ತೆ ಅಂತ ಬರೆಸಿಕೊಳ್ಳಿ. ಮಣ್ಣು ಹಾಕೋ ಮೊದಲು ನೀರು ಕಟ್ಟಿ 48 ಗಂಟೆ ಸೋರಿಕೆ ನೋಡಿ, ಎಂಜಿನಿಯರ್ ಹತ್ತಿರ ಭಾರದ ಲೆಕ್ಕ ಮಾಡಿಸಿ. ಇಟ್ಟಿಗೆ ಚೂರು, ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸೇರಿದ ಮಿಶ್ರಣವೇ ಬೇಕು, ಹೊಲದ ಮಣ್ಣು ಕೂಡದು. ಪೈಪಿನ ಬಾಯಿ ಸುತ್ತ 30 ಸೆಂ.ಮೀ. ಜಲ್ಲಿ, ಮೇಲೆ ತೆಗೆಯೋಕೆ ಬರೋ ಮುಚ್ಚಳ. ಪ್ಯಾರಾಪೆಟ್‌ನಲ್ಲಿ ಹೆಚ್ಚಿನ ನೀರಿಗೆ ಒಂದು ಕಿಂಡಿ, ಅಲ್ಲಿಂದ ಸಂಪಿಗೋ ಇಂಗುಗುಂಡಿಗೋ ದಾರಿ. ಕಾಲು ಭಾಗ ದುಡ್ಡು ಹಸ್ತೆ ಮಳೆ ಮುಗಿಯೋವರೆಗೂ ಕೊಡಬೇಡಿ. ಪೂರ್ತಿ ಕೈಗೆ ಸಿಕ್ಕ ಮೇಲೆ ಇವರು ಫೋನ್ ಎತ್ತಲ್ಲ.