ಕೇಪ್ ಹಾರ್ನಿನ ದಿನಚರಿ, ಪನಾಮಾ ದಾರಿಯ ವರದಿ

ಕ್ಯಾಲಿಫೋರ್ನಿಯಾದ ಚಿನ್ನವನ್ನರಸಿ ಅಮೆರಿಕದ ಪೂರ್ವ ಕರಾವಳಿಯಿಂದ ಹಡಗು ಹತ್ತಿದವರಿಗೆ ಮುಖ್ಯವಾಗಿ ಎರಡು ಜಲಮಾರ್ಗಗಳಿದ್ದವು. ಒಂದು, ದಕ್ಷಿಣ ಅಮೆರಿಕದ ತುದಿಯಲ್ಲಿರುವ ಕೇಪ್ ಹಾರ್ನನ್ನು ಸುತ್ತಿಕೊಂಡು ಐದರಿಂದ ಎಂಟು ತಿಂಗಳು ಕಡಲಲ್ಲೇ ಕಳೆಯುವುದು. ಇನ್ನೊಂದು, ಪನಾಮಾದಲ್ಲಿ ಇಳಿದು ಭೂಸಂಧಿಯನ್ನು (ಎರಡು ಸಾಗರಗಳ ನಡುವಿನ ಕಿರಿದಾದ ನೆಲಪಟ್ಟಿಯನ್ನು) ದೋಣಿಯಲ್ಲೂ ಹೇಸರಗತ್ತೆಯ ಮೇಲೂ ದಾಟಿ, ಪೆಸಿಫಿಕ್ ದಡದಲ್ಲಿ ಮತ್ತೊಂದು ಹಡಗಿಗಾಗಿ ಕಾಯುವುದು. ಎರಡೂ ದಾರಿಗಳ ಪ್ರತ್ಯಕ್ಷ ಕಥನಗಳನ್ನು ಭೂಪಟ ತೆರೆದಿಟ್ಟುಕೊಂಡು ಜೊತೆಜೊತೆಗೇ ಓದಿದ್ದೇನೆ.

ಪನಾಮಾ ದಾರಿಗೆ ನಾನು ಆರಿಸಿಕೊಂಡದ್ದು ಬೇಯಾರ್ಡ್ ಟೇಲರ್ 1850ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಎಲ್ ಡೊರಾಡೊ’. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಗಾಗಿ 1849ರ ಜೂನ್‌ನಲ್ಲಿ ಹೊರಟ ಆತ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ. ಮಳೆಗಾಲದ ಚಾಗ್ರೆಸ್ ನದಿ, ದಟ್ಟ ಕಾಡು, ಕೆಸರಿನ ಹಾದಿ, ಇವೆಲ್ಲ ಓದುಗನನ್ನು ಎಳೆದುಕೊಂಡು ಹೋಗುತ್ತವೆ. ಇಷ್ಟು ಸಲೀಸಾದ ಗದ್ಯ ಆ ಕಾಲದ ಇತರ ಚಿನ್ನಾರ್ಥಿಗಳ ಬರಹದಲ್ಲಿ ನನಗೆ ಸಿಕ್ಕಿಲ್ಲ. ಆದರೆ ಪತ್ರಕರ್ತನ ಕಣ್ಣು ಸದಾ ಮುಂದಿನ ಬಂದರಿನ ಮೇಲಿರುವುದರಿಂದ, ಅವನಲ್ಲಿ ಸಮುದ್ರವೆಂಬುದು ಎರಡು ನೆಲಗಳ ನಡುವಿನ ಬಿಡುವು ಮಾತ್ರ.

ಜೋಸೆಫ್ ಲ್ಯಾಮ್ಸನ್ನನ ‘ರೌಂಡ್ ಕೇಪ್ ಹಾರ್ನ್’ ಹಾಗಲ್ಲ. ಮೇಯ್ನ್ ರಾಜ್ಯದಿಂದ 1852ರಲ್ಲಿ ಹೊರಟ ಜೇಮ್ಸ್ ಡಬ್ಲ್ಯು. ಪೇಜ್ ಎಂಬ ಹಡಗಿನ ಈ ಯಾನವನ್ನು ದಿನಚರಿಯ ಕ್ರಮದಲ್ಲಿ ಓದುವಾಗ ಬೇಸರ ಬರುತ್ತದೆ, ಮತ್ತು ಆ ಬೇಸರವೇ ಅದರ ಬೆಲೆ ಎಂದು ನನ್ನ ಅಭಿಪ್ರಾಯ. ತಿಂಗಳುಗಟ್ಟಲೆ ಅದೇ ಮುಖಗಳು, ಅದೇ ಹಲಗೆಗಳು, ಗಾಳಿ ಬಂದರೆ ಒಂದು ಚಿಂತೆ, ಬಾರದಿದ್ದರೆ ಇನ್ನೊಂದು ಚಿಂತೆ. ದಾಟಿ ಬಂದವನು ಆಮೇಲೆ ನೆನೆದು ಬರೆಯುವಾಗ ಮೊದಲು ಬಿಟ್ಟುಬಿಡುವುದು ಇದನ್ನೇ. 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಎಂಬ ಕ್ಲಿಪ್ಪರ್, ಅಂದರೆ ವೇಗದ ಹಾಯಿಹಡಗು, ಇದೇ ದಾರಿಯನ್ನು 89 ದಿನಗಳಲ್ಲಿ ಮುಗಿಸಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಸಾಮಾನ್ಯ ಚಿನ್ನಾರ್ಥಿಯ ಪಾಲಿಗೆ ಅಂಥ ಹಡಗು ಅಪರೂಪವೇ ಸರಿ.

ಅನ್ವೇಷಕ ಜಾನ್ ಫ್ರೆಮಾಂಟ್‌ನ ಹೆಂಡತಿ ಜೆಸ್ಸಿ ಬೆಂಟನ್ ಫ್ರೆಮಾಂಟ್ ಆರು ವರ್ಷದ ಮಗಳೊಂದಿಗೆ 1849ರಲ್ಲಿ ಪನಾಮಾ ದಾಟಿದ ಕಥೆಯೂ ಲ್ಯಾಮ್ಸನ್ನನ ಪುಸ್ತಕದಂತೆ 1878ರಲ್ಲೇ ಅಚ್ಚಾಯಿತು. ಆದರೆ ಲ್ಯಾಮ್ಸನ್ನನದು ಹಡಗಿನ ಮೇಲಿನ ದಿನಚರಿ, ಈಕೆಯದು ಸುಮಾರು ಮೂವತ್ತು ವರ್ಷಗಳ ನಂತರದ ಸ್ಮರಣೆ. ಪನಾಮಾ ನಗರದಲ್ಲಿ ವಾರಗಟ್ಟಲೆ ಸಿಕ್ಕಿಬಿದ್ದು ಕಾಯಿಲೆ ಅನುಭವಿಸಿದ ಭಾಗಕ್ಕಾಗಿ ಅದನ್ನು ಓದಬೇಕು, ದಿನಾಂಕ ಮತ್ತು ವಿವರಗಳಿಗೆ ಮಾತ್ರ ಟೇಲರ್‌ನನ್ನೇ ನೆಚ್ಚಬಹುದು.

ಒಂದನ್ನೇ ಓದಲು ಸಮಯವಿದ್ದರೆ, ಓದಿನ ಸುಖಕ್ಕೆ ಟೇಲರ್, ದೀರ್ಘ ಸಮುದ್ರಯಾನವನ್ನು ಅರಿಯಲು ಲ್ಯಾಮ್ಸನ್. ಪನಾಮಾದ ಬೇರೆ ಕಥನಗಳನ್ನು ಹುಡುಕುವವರು 1855ಕ್ಕಿಂತ ಹಿಂದಿನವನ್ನೇ ಆರಿಸಿಕೊಳ್ಳುವುದು ಲೇಸು. ಆ ವರ್ಷ ರೈಲುಮಾರ್ಗ ಪೂರ್ಣಗೊಂಡ ಬಳಿಕ, ದಿನಗಟ್ಟಲೆ ಹಿಡಿಯುತ್ತಿದ್ದ ಭೂಸಂಧಿಯ ದಾರಿ ಕೆಲವೇ ಗಂಟೆಗಳ ಪ್ರಯಾಣವಾಗಿ ಕುಗ್ಗಿತು.