ಹತ್ತು ದಿನಗಳ ಸಂಸ್ಕಾರ ಶಿಬಿರ, ಅದರ ಆರನೆಯ ದಿನ

ಕಳೆದ ಮೇ ತಿಂಗಳಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಡೆದ ಮಕ್ಕಳ ಸಂಸ್ಕಾರ ಶಿಬಿರವೊಂದಕ್ಕೆ ನನ್ನ ಆರು ವರ್ಷದ ಮಗಳನ್ನು ಕಳುಹಿಸಿದ್ದೆ. ಈ ವರ್ಷದ ನೋಂದಣಿ ಆರಂಭವಾಗಿರುವುದರಿಂದ ಪರಿಚಯದ ಕನ್ನಡಿಗರು ಒಬ್ಬರ ನಂತರ ಒಬ್ಬರು ಫೋನ್ ಮಾಡಿ ‘ಹೇಗಿತ್ತು, ಕಳುಹಿಸಬಹುದೇ’ ಎಂದು ಕೇಳುತ್ತಿದ್ದಾರೆ. ಅವಸರದಲ್ಲಿ ಅರ್ಧರ್ಧ ಹೇಳಿ ಯಾರನ್ನೂ ದಾರಿ ತಪ್ಪಿಸಬಾರದೆಂದು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಶಿಬಿರದ ಹೆಸರನ್ನು ಹಾಕುತ್ತಿಲ್ಲ. ನನ್ನ ಆಕ್ಷೇಪವಿರುವುದು ಒಂದು ಪಾಠದ ಬಗ್ಗೆ, ಮತ್ತು ಆ ಪಾಠ ಅಲ್ಲೊಂದೇ ಕಡೆ ನಡೆಯುತ್ತಿದೆಯೆಂದು ನನಗೆ ಅನಿಸುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬೆಳಗ್ಗೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಹತ್ತು ದಿನಗಳ ಶಿಬಿರ, ಶುಲ್ಕ 2,500 ರೂಪಾಯಿ, ಅದರಲ್ಲಿ ತಿಂಡಿಯೂ ಸೇರಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಮೆಟ್ಟಿಲ ಮೇಲೆ ಮರಾಠಿ ಮತ್ತು ಹಿಂದಿ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುತ್ತಿರುವ ಮಗುವಿಗೆ ತಟ್ಟೆಯ ಮರಳಿನ ಮೇಲೆ ಬೆರಳಿನಿಂದ ‘ಅ, ಆ’ ತಿದ್ದಿಸಿದ ಶಿಕ್ಷಕಿಗೆ ನಾನು ಸದಾ ಋಣಿ. ಹತ್ತು ದಿನ ಮುಗಿಯುವಷ್ಟರಲ್ಲಿ ಅವಳು ತನ್ನ ಹೆಸರನ್ನೂ ಅಜ್ಜಿಯ ಊರಿನ ಹೆಸರನ್ನೂ ಕನ್ನಡದಲ್ಲಿ ಬರೆಯುತ್ತಿದ್ದಳು. ಯಕ್ಷಗಾನದ ಹೆಜ್ಜೆ ಕಲಿಸಲು ಬಂದಿದ್ದ ಹುಡುಗ ಚೆಂಡೆ ಇಲ್ಲದೆ ಬಾಯಿತಾಳದಲ್ಲೇ ಮಕ್ಕಳನ್ನು ಕುಣಿಸಿದ. ಅವಲಕ್ಕಿ, ಕೋಸಂಬರಿ, ಕೊನೆಯ ದಿನ ಹೆಸರುಬೇಳೆ ಪಾಯಸ, ಯಾವುದಕ್ಕೂ ಕೊರತೆಯಿರಲಿಲ್ಲ. ಶೌಚಾಲಯ ಸ್ವಚ್ಛವಾಗಿತ್ತು, ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಮೂರು ಗುಂಪುಗಳಾಗಿ ಮಾಡಿದ್ದರು: ಐದರಿಂದ ಏಳು, ಎಂಟರಿಂದ ಹನ್ನೊಂದು, ಅದಕ್ಕೆ ಮೇಲ್ಪಟ್ಟವರು. ಆರನೆಯ ದಿನ ಸಣ್ಣ ಮಕ್ಕಳ ಶಿಕ್ಷಕಿ ರಜೆಯಲ್ಲಿದ್ದರು, ಅವರ ಕೋಣೆಯ ಫ್ಯಾನೂ ಕೆಟ್ಟಿತ್ತು. ಹಾಗಾಗಿ ಎಲ್ಲರನ್ನೂ ದೊಡ್ಡ ಸಭಾಂಗಣದಲ್ಲಿ ಒಟ್ಟಿಗೆ ಕುಳ್ಳಿರಿಸಿ, ದೊಡ್ಡ ಮಕ್ಕಳಿಗೆಂದು ಸಿದ್ಧಪಡಿಸಿದ್ದ ‘ಪಾಪ ಮತ್ತು ಫಲ’ ಎಂಬ ಪಾಠವನ್ನು ಪರದೆಯ ಮೇಲೆ ಚಿತ್ರಗಳೊಂದಿಗೆ ತೋರಿಸಿದರು. ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ತಲೆಗಳು, ಕತ್ತಿಯಂಥ ಎಲೆಗಳ ಕಾಡು, ಹುಳುಗಳ ಕೊಳ. ಚಿತ್ರಗಳು ಹಳೆಯ ಕ್ಯಾಲೆಂಡರಿನ ಮುಗ್ಧ ಶೈಲಿಯಲ್ಲಿರಲಿಲ್ಲ, ಈಗಿನ ಕಂಪ್ಯೂಟರ್ ಚಿತ್ರಗಳು, ಚರ್ಮದ ಮೇಲಿನ ಬೊಬ್ಬೆ ಕಾಣುವಷ್ಟು ಸ್ಪಷ್ಟ. ಪಾಠ ಹೇಳಿದವರು ಪ್ರತಿಯೊಂದು ಚಿತ್ರಕ್ಕೂ ಮಕ್ಕಳ ದಿನನಿತ್ಯದಿಂದ ಒಂದು ಉದಾಹರಣೆ ಕೊಟ್ಟರು. ಶಾಲೆಯಲ್ಲಿ ಡಬ್ಬಿ ಹಂಚಿಕೊಳ್ಳದೆ ಒಬ್ಬರೇ ತಿಂದರೆ ಹುಳುಗಳ ಕೊಳ. ಮೀನು, ಮಾಂಸ ತಿಂದರೆ ಎಣ್ಣೆಯ ಕೊಪ್ಪರಿಗೆ. ಇದಿಷ್ಟನ್ನು ಮಗಳ ಬಾಯಿಂದಲೂ, ಅಲ್ಲಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನಿಂದಲೂ ಪ್ರತ್ಯೇಕವಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಆ ರಾತ್ರಿ ಎರಡು ಗಂಟೆಗೆ ಅವಳು ನನ್ನನ್ನು ಎಬ್ಬಿಸಿ, “ಅಮ್ಮಾ, ಹುಳ ನನ್ನನ್ನ ತಿನ್ನುವಾಗ ನೀನು ಅಲ್ಲಿಗೆ ಬರ್ತೀಯಾ?” ಎಂದು ಕೇಳಿದಳು. ಅವಳ ಶಾಲೆಯಲ್ಲಿ ಡಬ್ಬಿ ಹಂಚಿಕೊಳ್ಳಬಾರದೆಂಬ ನಿಯಮವಿದೆ, ಯಾವುದೋ ಮಗುವಿಗೆ ಶೇಂಗಾ ಆಗದು ಎಂಬ ಕಾರಣಕ್ಕೆ. ಶಾಲೆಯ ಮಾತು ಕೇಳಿದರೆ ನರಕ, ಕೇಳದಿದ್ದರೆ ಟೀಚರ್ ಕೈಯಲ್ಲಿ ಬೈಗುಳ: ಇಂಥ ಇಕ್ಕಟ್ಟಿನಲ್ಲಿ ದೊಡ್ಡವರೇ ಸಿಕ್ಕಿಬಿದ್ದರೆ ವಕೀಲರನ್ನು ಹುಡುಕುತ್ತೇವೆ. ಮರುದಿನದಿಂದ ಅವಳು ಕೆಳಗಿನ ಮನೆಯ, ಕೊಂಕಣ ಕರಾವಳಿಯ ಮಾಲವಣಿ ಮಾವಶಿಯ (ಮರಾಠಿಯಲ್ಲಿ ಚಿಕ್ಕಮ್ಮ) ಹತ್ತಿರ ಹೋಗುವುದನ್ನು ನಿಲ್ಲಿಸಿದಳು. ನಾನು ಆಫೀಸಿನಿಂದ ಬರುವುದು ತಡವಾದಾಗಲೆಲ್ಲ ಅವಳನ್ನು ಕರೆದು ಕೂರಿಸಿಕೊಂಡು ಸೋಲಕಢಿ (ಕೋಕಂ, ತೆಂಗಿನಹಾಲಿನ ಪಾನೀಯ) ಕುಡಿಸಿದ ಹೆಂಗಸು ಅವರು. ಅವರು ಬಾಂಗಡೆ ಮೀನು ಕರಿಯುವ ಎಣ್ಣೆಯ ಬಾಣಲೆ ಮತ್ತು ಪರದೆಯ ಮೇಲಿನ ಕೊಪ್ಪರಿಗೆ ಅವಳ ಮನಸ್ಸಿನಲ್ಲಿ ಒಂದಾಗಿದ್ದವು. ಭಯ ನಾಲ್ಕು ವಾರಗಳಲ್ಲಿ ಕಡಿಮೆಯಾಯಿತು. ಆದರೆ ಮಾವಶಿಯನ್ನು ನೋಡುವ ಅವಳ ನೋಟ ಮೊದಲಿನಂತಾಗಲು ಗಣೇಶ ಚತುರ್ಥಿಯವರೆಗೆ ಕಾಯಬೇಕಾಯಿತು. ನನಗೆ ನಿದ್ದೆಗೆಟ್ಟಿದ್ದಕ್ಕಿಂತ ಇದೇ ಹೆಚ್ಚು ನೋವು ಕೊಟ್ಟಿದ್ದು.

ಶಿಬಿರ ಮುಗಿದ ಮೇಲೆ ಸಂಚಾಲಕರನ್ನು ಭೇಟಿಯಾದೆ. ಹಿರಿಯರು, ಸಜ್ಜನರು, ನಿವೃತ್ತಿಯ ನಂತರ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿರುವವರು. “ಭಯ ಇಲ್ಲದಿದ್ದರೆ ಭಕ್ತಿ ಎಲ್ಲಿಂದ ಬರಬೇಕಮ್ಮಾ? ನಾವೆಲ್ಲ ಹೀಗೇ ಕೇಳಿ ಬೆಳೆದವರಲ್ಲವೇ?” ಎಂದರು. ನಿಜ, ನಾನೂ ಕೇಳಿ ಬೆಳೆದವಳೇ. ಉಡುಪಿಯ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಯಮದೂತರ ಕಥೆ ಹೇಳುತ್ತಿದ್ದರು. ಆದರೆ ಅಜ್ಜಿಯ ಕೈ ನನ್ನ ತಲೆಯ ಮೇಲಿರುತ್ತಿತ್ತು, ನನ್ನ ಕಣ್ಣು ದೊಡ್ಡದಾದರೆ ಯಮನ ಕೋಣಕ್ಕೆ ಒಂದು ಸೀನು ಬರಿಸಿ ಕಥೆಯನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದರು. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಮೇಳಗಳ ಆಟದಲ್ಲಿ ಯಮದೂತರು ಹಾಸ್ಯ ಮಾಡಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪರದೆ ಹಾಗಲ್ಲ. ಅದು ಎದುರಿಗಿರುವ ಮುಖವನ್ನು ನೋಡುವುದಿಲ್ಲ.

ಸಂಚಾಲಕರು ಶಾಸ್ತ್ರದ ಹೆಸರು ಹೇಳಿದ್ದರಿಂದ ಮನೆಗೆ ಬಂದು ಮಾವನವರ ಕಪಾಟಿನಿಂದ ಭಾಗವತವನ್ನು ತೆಗೆದೆ. ಐದನೆಯ ಸ್ಕಂಧದ 26ನೆಯ ಅಧ್ಯಾಯದಲ್ಲಿ 28 ನರಕಗಳ ವರ್ಣನೆಯಿದೆ. ನಿಧಾನವಾಗಿ ಓದಿದರೆ, ಅಲ್ಲಿನ ಅಪರಾಧಗಳಲ್ಲಿ ಹೆಚ್ಚಿನವು ಹಣವೋ ಅಧಿಕಾರವೋ ಮನೆತನದ ಹೊಣೆಯೋ ಕೈಯಲ್ಲಿರುವವರು ಮಾತ್ರ ಮಾಡಬಲ್ಲಂಥವು. ಸಾಕ್ಷಿ ಹೇಳುವಾಗ, ವ್ಯವಹಾರದಲ್ಲಿ, ದಾನ ಕೊಡುವಾಗ ಸುಳ್ಳಾಡುವವನಿಗೆ ಅವೀಚಿ ಎಂಬ ನರಕ. ಮನೆಗೆ ಬಂದ ಅತಿಥಿಯನ್ನು ಸುಡುವಂತೆ ದುರುಗುಟ್ಟಿ ನೋಡುವ ಗೃಹಸ್ಥನಿಗೆ ಪರ್ಯಾವರ್ತನ. ಡಬ್ಬಿಯ ಪಾಠಕ್ಕೆ ಆಧಾರವಾದ ಕೃಮಿಭೋಜನವೂ ಪಂಚಯಜ್ಞಗಳನ್ನು (ಗೃಹಸ್ಥನು ದಿನವೂ ಮಾಡಬೇಕಾದ ಐದು ಕರ್ತವ್ಯಗಳನ್ನು) ಮಾಡದೆ, ಯಾರಿಗೂ ಹಂಚದೆ ಉಣ್ಣುವವನಿಗೆ ಹೇಳಿದ್ದು. ಒಂದನೆಯ ತರಗತಿಯ ಹುಡುಗಿಗೂ ಪಂಚಯಜ್ಞಕ್ಕೂ ಏನು ಸಂಬಂಧ? ಎಣ್ಣೆಯ ಕೊಪ್ಪರಿಗೆಯ ಕುಂಭೀಪಾಕವೂ ಜೀವಂತವಿರುವ ಪ್ರಾಣಿ ಪಕ್ಷಿಗಳನ್ನು ಬೇಯಿಸುವ ಕ್ರೂರಿಗೆ ವಿಧಿಸಿದ್ದು. ಮಾರುಕಟ್ಟೆಯಿಂದ ಬಾಂಗಡೆ ತರುವ ಮಾವಶಿ ಅಲ್ಲೆಲ್ಲೂ ನನಗೆ ಕಾಣಲಿಲ್ಲ. ಅದೇ ಪಟ್ಟಿಯಲ್ಲಿ ಸೂಕರಮುಖವೂ ಇದೆ, ದಂಡನೆಗೆ ಅರ್ಹನಲ್ಲದವನನ್ನು ದಂಡಿಸಿದ ರಾಜನಿಗೋ ರಾಜಪುರುಷನಿಗೋ ಮೀಸಲಾದದ್ದು. ಪಾಠ ಮಾಡುವವರು ಆ ಶ್ಲೋಕವನ್ನು ಯಾಕೋ ಬಿಟ್ಟಿದ್ದರು.

ಇನ್ನು, ಇದನ್ನೆಲ್ಲ ಭಾಗವತವನ್ನು ಹೇಳುವ ಶುಕಮುನಿಗಳು ಹೇಳಿದ್ದು ಯಾರಿಗೆ? ಏಳು ದಿನಗಳಲ್ಲಿ ಸಾಯಲಿರುವ ಪರೀಕ್ಷಿತನಿಗೆ, ರಾಜ್ಯವಾಳಿದ ಪ್ರಬುದ್ಧ ಗಂಡಸಿಗೆ. ಅಂಥವನೂ ಕೇಳಿ ಸುಮ್ಮನಿರಲಿಲ್ಲ. ಆರನೆಯ ಸ್ಕಂಧ ಆರಂಭವಾಗುತ್ತಲೇ, ಮನುಷ್ಯರು ಇಂಥ ಯಾತನೆಗೆ ಹೋಗದಂತೆ ಉಪಾಯವೇನೆಂದು ಕೇಳುತ್ತಾನೆ, ಉತ್ತರವಾಗಿ ಅಜಾಮಿಳನ ಕಥೆ ಬರುತ್ತದೆ: ಮಗನನ್ನು ‘ನಾರಾಯಣ’ ಎಂದು ಕೂಗಿದ ಮಾತ್ರಕ್ಕೆ ಯಮದೂತರು ಬರಿಗೈಯಲ್ಲಿ ಹಿಂದಿರುಗಿದ ಕಥೆ. ಶಿಬಿರದ ಪಾಠ 26ನೆಯ ಅಧ್ಯಾಯಕ್ಕೇ ನಿಂತುಬಿಟ್ಟಿತು. ಪರೀಕ್ಷಿತನಿಗೆ ಸಿಕ್ಕ ಸಮಾಧಾನ ನಮ್ಮ ಮಕ್ಕಳಿಗೆ ಸಿಗಲಿಲ್ಲ. ಸಾವಿನ ನಂತರದ ಗತಿಯನ್ನು ಹೇಳುವ ಗರುಡಪುರಾಣದ ಪ್ರೇತಖಂಡದ ವಿಷಯವೂ ಇದೇ ಬಗೆಯದು. ಮನೆಯಲ್ಲಿ ಸಾವಾದ ದಿನಗಳಲ್ಲಿ ಓದಿಸುವ ಗ್ರಂಥವದು, ಬೇರೆ ದಿನಗಳಲ್ಲಿ ಮನೆಯಲ್ಲಿ ಇಟ್ಟುಕೊಳ್ಳಲೂ ಹಿಂಜರಿಯುವವರು ನಮ್ಮಲ್ಲಿ ಎಷ್ಟೋ ಮಂದಿ. ಯಾವ ಮಾತು ಯಾರ ಕಿವಿಗೆ ಎಂಬ ಅಧಿಕಾರಿಭೇದದ ವಿವೇಕ ನಮ್ಮ ಹಿರಿಯರಿಗೆ ಚೆನ್ನಾಗಿಯೇ ಇತ್ತು.

ಎಲ್ಲಕ್ಕಿಂತ ಮುಖ್ಯವಾಗಿ ಮಹಾಭಾರತದ ಆದಿಪರ್ವದ ಮಾಂಡವ್ಯನಿದ್ದಾನೆ. ಮೌನವ್ರತದಲ್ಲಿದ್ದ ಅವನ ಆಶ್ರಮದಲ್ಲಿ ಕಳ್ಳರು ಅಡಗಿಕೊಂಡರು, ರಾಜಭಟರು ಅವನನ್ನೂ ಹಿಡಿದು ಶೂಲಕ್ಕೇರಿಸಿದರು. ಆಮೇಲೆ ಅವನು ಧರ್ಮದೇವತೆಯ ಎದುರು ನಿಂತು, ತಾನು ಮಾಡಿದ ಪಾಪವೇನೆಂದು ಕೇಳಿದ. ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ್ದೆ, ಅದರ ಫಲವಿದು ಎಂಬ ಉತ್ತರ ಬಂತು. ಮಾಂಡವ್ಯ ತಲೆಬಾಗಲಿಲ್ಲ. ಅಲ್ಪ ಅಪರಾಧಕ್ಕೆ ಇಷ್ಟು ದೊಡ್ಡ ದಂಡನೆ ವಿಧಿಸಿದ್ದಕ್ಕೆ ಮನುಷ್ಯನಾಗಿ ಹುಟ್ಟೆಂದು ಧರ್ಮನನ್ನೇ ಶಪಿಸಿದ, ಆ ಶಾಪದಿಂದ ಹುಟ್ಟಿದವನು ವಿದುರ. ಅಷ್ಟಕ್ಕೇ ಬಿಡದೆ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಾಗದು ಎಂಬ ಎಲ್ಲೆಯನ್ನು ಲೋಕಕ್ಕೆ ಹಾಕಿಕೊಟ್ಟ. ಎಂದರೆ, ಮಗುವಿನ ತಪ್ಪಿಗೆ ಪರಲೋಕದ ಶಿಕ್ಷೆ ಸಲ್ಲದೆಂಬ ತಗಾದೆ ಇಂದಿನ ಶಾಲೆಗಳಿಂದಲೋ ಪರದೇಶದಿಂದಲೋ ಬಂದದ್ದಲ್ಲ. ಧರ್ಮರಾಜನ ಸನ್ನಿಧಿಯಲ್ಲೇ ಅದರ ವ್ಯಾಜ್ಯ ನಡೆದು ಇತ್ಯರ್ಥವಾಗಿದೆ. ನಮ್ಮ ದೇಶದ ದಂಡಸಂಹಿತೆಯೂ ಏಳು ವರ್ಷಕ್ಕಿಂತ ಕೆಳಗಿನ ಮಗು ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ. ಹಳೆಯ ಸಂಹಿತೆಯ 82ನೆಯ ಕಲಮು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 20ನೆಯದಾಗಿ ಹಾಗೆಯೇ ಉಳಿದಿದೆ.

ಮಕ್ಕಳ ಮನಸ್ಸಿನ ಕಡೆಯಿಂದಲೂ ಒಂದು ಮಾತು. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಳಿಯದೆ ಹಲವು ಬಟ್ಟಲುಗಳನ್ನು ಒಡೆದವನನ್ನೂ ಕದ್ದು ತಿನ್ನಲು ಹೋಗಿ ಒಂದೇ ಬಟ್ಟಲು ಒಡೆದವನನ್ನೂ ಸಣ್ಣ ಮಕ್ಕಳ ಮುಂದಿಟ್ಟು ಯಾರದು ಹೆಚ್ಚು ತಪ್ಪೆಂದು ಕೇಳಿದ್ದ. ಎಳೆಯ ಮಕ್ಕಳಲ್ಲಿ ಹೆಚ್ಚಿನವರು ಬಟ್ಟಲುಗಳನ್ನು ಎಣಿಸಿದರು, ಉದ್ದೇಶವನ್ನು ನೋಡಲಿಲ್ಲ. ತಪ್ಪು ಮಾಡಿದರೆ ನಡೆಯುವ ಸೇತುವೆಯೇ ಮುರಿದು ಶಿಕ್ಷಿಸುತ್ತದೆ ಎಂದೂ ಆ ವಯಸ್ಸಿನವರು ನಂಬುತ್ತಾರೆಂದು ಅವನು ಕಂಡುಕೊಂಡ. ಹಾಗೆ ನಂಬುವ ಮನಸ್ಸಿಗೆ ಕೊಪ್ಪರಿಗೆಯ ಚಿತ್ರ ಕೊಟ್ಟರೆ ಅದು ದೃಷ್ಟಾಂತವಾಗಿ ಉಳಿಯುವುದಿಲ್ಲ, ನಾಳೆ ಬೆಳಗ್ಗೆ ಹತ್ತಬೇಕಾದ ರಿಕ್ಷಾದಷ್ಟೇ ನಿಜವಾಗುತ್ತದೆ. ವಾದಿಸಲು ಬಾರದ, ಎದ್ದು ಹೊರಗೆ ಹೋಗಲು ಅನುಮತಿಯಿಲ್ಲದ, ಹೇಳಿದವರು ದೊಡ್ಡವರೆಂಬ ಒಂದೇ ಕಾರಣಕ್ಕೆ ನಂಬುವ ಕೇಳುಗರ ಮೇಲೆ ಇಷ್ಟು ಬಲ ಪ್ರಯೋಗಿಸುವುದು ನ್ಯಾಯವೇ ಎಂಬುದು ನನ್ನ ಪ್ರಶ್ನೆ. ಆ ಪಾಠದ ಮರುದಿನ ಶಿಬಿರದ ಮಕ್ಕಳು ಸಾಲಾಗಿ ಚಪ್ಪಲಿ ಬಿಟ್ಟರೆಂದು ಸಂಚಾಲಕರು ಹೆಮ್ಮೆಯಿಂದ ಹೇಳಿದರು. ಬಿಟ್ಟಿರಬಹುದು.

ನಮ್ಮದು ಮಾಧ್ವ ಮನೆತನ. ಮರಳಿ ಬರಲಾಗದ ಅಂಧಂತಮಸ್ಸು ಎಂಬ ನಿತ್ಯನರಕದ ಪ್ರಮೇಯ ನಮ್ಮ ಸಿದ್ಧಾಂತದಲ್ಲಿದೆ ಎಂಬುದನ್ನು ನಾನು ಮರೆತಿಲ್ಲ, ಅದನ್ನು ಮುಚ್ಚಿಡಿ ಎಂದೂ ಹೇಳುತ್ತಿಲ್ಲ. ವಿದ್ವಾಂಸರು ಜೀವರ ನಡುವಿನ ತಾರತಮ್ಯ, ಅವರ ಸಹಜ ಸ್ವಭಾವಗಳ ಚರ್ಚೆಯೊಂದಿಗೆ ಶತಮಾನಗಳಿಂದ ವಾದಿಸಿಕೊಂಡು ಬಂದ ವಿಷಯವದು. ಮಗಳು ದೊಡ್ಡವಳಾಗಿ ಆ ಪಾಠಕ್ಕೆ ಕುಳಿತು ಒಪ್ಪಲಿ, ಬಿಡಲಿ, ಅದು ಅವಳಿಗೆ ಸೇರಿದ್ದು. ಆರನೆಯ ವಯಸ್ಸಿಗೆ ಯಮನ ಕಥೆ ಬೇಕೇ ಬೇಕೆಂದರೆ ಕಠೋಪನಿಷತ್ತಿನ ನಚಿಕೇತನಿದ್ದಾನಲ್ಲ: ಮೂರು ರಾತ್ರಿ ಬಾಗಿಲಲ್ಲಿ ಉಪವಾಸ ಕಾದ ಹುಡುಗನಿಗೆ ಯಮನೇ ನಮಸ್ಕರಿಸಿ ಮೂರು ವರ ಕೊಡುತ್ತಾನೆ. ಶಿಬಿರದ ಎಂಟನೆಯ ದಿನದ ಕಥೆಗಳ ಪಟ್ಟಿಯಲ್ಲಿ ಅವನ ಹೆಸರಿತ್ತು, ಸಮಯ ಸಾಲದೆ ಬಿಟ್ಟರಂತೆ.

ಮಾಂಡವ್ಯನ ಕಥೆಯನ್ನು, ಶೂಲದ ಭಾಗವನ್ನು ಮೆಲ್ಲಗೆ ದಾಟಿಸಿ, ಮಗಳಿಗೆ ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, “ಹಾಗಾದ್ರೆ ನನಗಿನ್ನೂ ಎಂಟು ವರ್ಷ ಇದೆ” ಎಂದಳು. ಆ ಉತ್ತರದಿಂದ ನನಗೆ ಪೂರ್ತಿ ಸಂತೋಷವಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು, ಹದಿನಾಲ್ಕನೆಯ ಹುಟ್ಟುಹಬ್ಬವನ್ನು ಅವಳು ಯಾವ ಮುಖದಿಂದ ಎದುರು ನೋಡುತ್ತಾಳೋ ಏನೋ. ಆದರೆ ಆ ರಾತ್ರಿ ನಿದ್ದೆ ಮಾಡಿದಳು.

ನನ್ನ ಮಾತನ್ನು ಸಂಚಾಲಕರು ತಳ್ಳಿಹಾಕಲಿಲ್ಲ. ಈ ವರ್ಷ ಆ ಚಿತ್ರಗಳನ್ನು ದೊಡ್ಡ ಗುಂಪಿಗೆ ಮಾತ್ರ ತೋರಿಸುವುದಾಗಿಯೂ, ದಿನವಾರು ಪಾಠಪಟ್ಟಿಯನ್ನು ಮೊದಲೇ ಪೋಷಕರಿಗೆ ಕಳುಹಿಸುವುದಾಗಿಯೂ ಹೇಳಿದ್ದಾರೆ. ಪಟ್ಟಿ ಇನ್ನೂ ಬಂದಿಲ್ಲ. ಕನ್ನಡ ಕಲಿಕೆಗೆ ಐದರಲ್ಲಿ ಐದು ಅಂಕ, ಯಕ್ಷಗಾನಕ್ಕೂ ಅಷ್ಟೇ, ತಿಂಡಿಗೆ ನಾಲ್ಕು. ಆರನೆಯ ದಿನಕ್ಕೆ ಅಂಕ ಕೊಡುವುದಿಲ್ಲ. ಏಳು ವರ್ಷದೊಳಗಿನ ಮಕ್ಕಳಿರುವವರು ಹಣ ಕಟ್ಟುವ ಮೊದಲು ಆ ಪಟ್ಟಿಯನ್ನು ಕೇಳಿ ಪಡೆಯಿರಿ, ಶಿಕ್ಷಕರು ರಜೆಯಾದ ದಿನ ಸಣ್ಣವರನ್ನು ಎಲ್ಲಿ ಕೂರಿಸುತ್ತಾರೆಂದೂ ವಿಚಾರಿಸಿ. ನಾನು ಮಗಳ ಹೆಸರನ್ನು ಬರೆಸಿದ್ದೇನೆ. ಆರನೆಯ ದಿನಕ್ಕೆ ಮಾತ್ರ ಆಫೀಸಿಗೆ ರಜೆ ಹಾಕಿ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದಾಗಿ ತಿಳಿಸಿದ್ದೇನೆ.